ಚುಕ್ಕೆ ದಾಟಿದರೆ ಸುಯ್ಯೆನ್ನುವ ಪೆಟ್ಟಿಗೆ

ಕಿವಿಯಣ್ಣನ ಅಂಗಡಿಗೆ ಕಿಟಕಿ ಮಾಡಿಸಲು ಹೋದವರು ಒಂದು ಮಾತು ಅನ್ನಿಸಿಕೊಳ್ಳದೆ ವಾಪಸು ಬಂದದ್ದಿಲ್ಲ. ಅಳತೆ ತಪ್ಪು ತಂದರೆ ಬೈಗುಳ. ಸರಿಯಾಗಿ ತಂದರೆ, ನಾನು ಅಳೆಯುವುದರ ಮೇಲೆ ನಂಬಿಕೆ ಇಲ್ಲವೋ ಎಂದು ಇನ್ನೊಂದು ಬೈಗುಳ. ಆದರೂ ಜನ ಹೋಗುತ್ತಿದ್ದರು. ಅವನು ಕೂರಿಸಿದ ಅಲ್ಯೂಮಿನಿಯಂ ಕಿಟಕಿ ಒಂದೇ ಬೆರಳಿಗೆ ಸರಿಯುತ್ತಿತ್ತು, ಎಂಥ ಗಾಳಿಗೂ ಗಡಗಡ ಎನ್ನುತ್ತಿರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಕಟಿಂಗ್ ಮಷೀನಿನ ಮುಂದೆ ನಿಂತು ಪಟ್ಟಿ ಕತ್ತರಿಸುವುದು, ಮೂಲೆ ಜೋಡಿಸುವುದು, ಗಾಜಿನ ಸುತ್ತ ರಬ್ಬರ್ ತುರುಕುವುದು, ಇದೇ ಅವನ ಬದುಕು. ಮಷೀನಿನ ಚಕ್ರ ಲೋಹಕ್ಕೆ ತಾಗಿದ ಕೂಡಲೇ ಎದುರು ಸಾಲಿನ ಅಂಗಡಿಯವರು ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದರು. ಇವನು ಮಾತ್ರ ಬರಿಗಿವಿಯಲ್ಲಿ ನಿಂತಿರುತ್ತಿದ್ದ. ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡುವವರನ್ನು ಕಂಡರೆ, ಬಾಣಂತಿ ಬಂದಳು ದಾರಿ ಬಿಡಿ ಎಂದು ಗೇಲಿ ಮಾಡುತ್ತಿದ್ದ.

ಕಿವಿಯಣ್ಣ ಎಂಬ ಹೆಸರು ಬಂದದ್ದು ಅಂಗಡಿಯಿಂದಲ್ಲ, ಗಿಟಾರಿನಿಂದ. ಶನಿವಾರ ಸಂಜೆ ಕೈಗೆ ಹತ್ತಿದ ಲೋಹದ ಪುಡಿ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಹೋಟೆಲಿನ ಊಟದ ಹಾಲಿನಲ್ಲಿ ನಾಲ್ಕು ಜನರ ಗುಂಪಿನೊಡನೆ ನುಡಿಸಲು ಹೋಗುತ್ತಿದ್ದ. ಉಣ್ಣುವವರು ಚಮಚದ ಸದ್ದಿನ ನಡುವೆ ಕೇಳಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಇವನಿಗೆ ಮಾತ್ರ ಅದೇ ಜೀವ. ಯಾರ ತಂತಿ ಕೂದಲೆಳೆಯಷ್ಟು ಇಳಿದರೂ ಹಾಡಿನ ನಡುವೆಯೇ ತಿರುಗಿ ಕಣ್ಣು ಕೆಕ್ಕರಿಸುತ್ತಿದ್ದ. ಒಮ್ಮೆ ಜೊತೆಗೆ ನುಡಿಸುತ್ತಿದ್ದ ಇನ್ನೊಬ್ಬ ಗಿಟಾರಿನವನಿಗೆ, ಉಣ್ಣುತ್ತಿದ್ದವರೆಲ್ಲ ಕೇಳುವ ಹಾಗೆ, ನಿನಗೆ ಕಿವಿಯೇ ಇಲ್ಲ, ಹೋಗಿ ಬೇರೆ ಕಸುಬು ನೋಡಿಕೋ ಎಂದುಬಿಟ್ಟ. ಆ ಮನುಷ್ಯ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹೋದವನು ಮತ್ತೆ ಗುಂಪಿನ ಕಡೆ ತಲೆ ಹಾಕಲಿಲ್ಲ. ಕಿವಿಯಣ್ಣ ಇದನ್ನು ತನ್ನ ಹೆಚ್ಚುಗಾರಿಕೆ ಎಂದುಕೊಂಡು ವರ್ಷಗಟ್ಟಲೆ ಎಲ್ಲರ ಮುಂದೆ ಹೇಳಿದ್ದ.

ಈಚೆಗೆ ಗ್ರಹಚಾರ ತಿರುಗಿತ್ತು. ಅವನ ಗಿಟಾರ್ ಆಂಪ್ಲಿಫೈಯರ್ ಕೀರಲಾಗಿ ಚೀರುತ್ತದೆ, ಹಾಡು ನಿಂತಾಗಲೂ ಸುಯ್ಯೆನ್ನುತ್ತಿರುತ್ತದೆ ಎಂದು ಗುಂಪಿನವರು ತಕರಾರು ತೆಗೆದಿದ್ದರು. ಅವನ ಕಿವಿಗೆ ಅಂಥದ್ದೇನೂ ಬೀಳಲಿಲ್ಲ. ತನಗೆ ಕೇಳದ್ದು ಇಲ್ಲವೇ ಇಲ್ಲ ಎಂಬುದು ಅವನ ಲೆಕ್ಕ, ಆದ್ದರಿಂದ ಇದೆಲ್ಲ ಹೊಟ್ಟೆಕಿಚ್ಚು. ಮನೆಯಲ್ಲೂ ಇದೇ ರಾಮಾಯಣ. ಹೆಂಡತಿ ಬಾಯೊಳಗೇ ಗೊಣಗುತ್ತಾಳೆ, ಬಿಡಿಸಿ ಮಾತಾಡುವುದನ್ನು ಅವಳ ತವರಿನಲ್ಲಿ ಕಲಿಸಲಿಲ್ಲ ಎಂದು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದ. ಕುಕ್ಕರ್ ನೋಡಿಕೊಳ್ಳಿ ಎಂದು ಹೇಳಿ ಅವಳು ದಿನಸಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅನ್ನ ಸೀದು ಕರಕಲಾಗಿತ್ತು. ಕೂಗಲೇ ಇಲ್ಲ, ನಾನೇನು ಕನಸು ಕಾಣಲೇ ಎಂದು ಜಗಳಕ್ಕೆ ನಿಂತು, ಮಾರನೆಯ ದಿನ ಹೊಸ ಸೀಟಿ ತಂದು ಹಾಕಿದ. ಅದೂ ಕೂಗದಿದ್ದಾಗ ಅಂಗಡಿಯವನ ಮೇಲೆ ಹಾರಾಡಿ ಇನ್ನೊಂದು ತಂದ. ಹೆಂಡತಿ ಕೊನೆಗೆ ಅವನಿಗೆ ಕುಕ್ಕರ್ ಒಪ್ಪಿಸುವುದನ್ನೇ ಬಿಟ್ಟಳು.

ಡ್ರಮ್ಸ್ ಬಾರಿಸುವವನು ಹೆಂಡತಿಯ ತಮ್ಮ. ಭಾವ ಭಾವಮೈದನದ್ದು ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಅವನೇ ಒಂದು ಸಂಜೆ ಕಿಟಕಿ ಅಂಗಡಿಗೆ ಬಂದು, ಮಷೀನು ನಿಲ್ಲುವವರೆಗೆ ಕಾದು, ಮುಖಕ್ಕೆ ಹೊಡೆದ ಹಾಗೆ ಹೇಳಿದ.

"ಭಾವ, ಮ್ಯಾನೇಜರ್ರು ಖಡಾಖಂಡಿತ ಹೇಳಿದಾರೆ. ಆ ಡಬ್ಬ ಬದಲಾಯಿಸಿ. ಇಲ್ಲಾಂದ್ರೆ ಈ ಶನಿವಾರ ನೀವು ಬರೋದು ಬೇಡ."

ನನ್ನ ಜಾಗಕ್ಕೆ ಯಾರನ್ನು ಕರೆತರುತ್ತೀ ಎಂದು ಕಿವಿಯಣ್ಣ ನಕ್ಕ. ಭಾವಮೈದ ನಗಲಿಲ್ಲ. ಅಂದು ಕಿವಿ ಇಲ್ಲ ಎಂದು ಓಡಿಸಿದ್ದಿರಲ್ಲ, ಅವರನ್ನೇ ಕೇಳಿದ್ದೇವೆ, ಒಪ್ಪಿದ್ದಾರೆ ಎಂದ. ಕಿವಿಯಣ್ಣನ ಪಿತ್ತ ನೆತ್ತಿಗೇರಿತು. ಪ್ರಪಂಚದಲ್ಲಿ ಬೇರೆ ಯಾರಾದರೂ ಆ ಕುರ್ಚಿಯಲ್ಲಿ ಕೂರಲಿ, ಆ ಮನುಷ್ಯ ಮಾತ್ರ ಕೂರಕೂಡದು. ಕೂತರೆ ತಾನು ಇಷ್ಟು ವರ್ಷ ಹೇಳಿಕೊಂಡು ತಿರುಗಿದ ಕಥೆ ತಿರುಗಿ ತನ್ನ ಮುಖಕ್ಕೇ ಉಗಿಯುತ್ತದೆ.

ಹಾಗಾಗಿ ಆಂಪ್ಲಿಫೈಯರ್ ಹುಡುಕಾಟ ಶುರುವಾಯಿತು. ಹೊಸದು ಅವನಿಗೆ ಬೇಡ, ಪುಟ್ಟ ಪರದೆ, ಮಿಣಮಿಣ ದೀಪದ ಹೊಸ ಪೆಟ್ಟಿಗೆಗಳನ್ನು ಕಂಡರೆ ಮೂಗು ಮುರಿಯುತ್ತಿದ್ದ. ವಾಲ್ವಿನದು ಬಿಸಿಯಾಗುವ ತನಕ ಕಾಯಬೇಕು, ಸಾಗಿಸುವಾಗ ಜೋಪಾನ ಬೇರೆ. ಹಳೆಯ ಟ್ರಾನ್ಸಿಸ್ಟರಿನದೇ ಗಟ್ಟಿ, ಸ್ವಿಚ್ ಒತ್ತಿದರೆ ಮಾತಾಡಬೇಕು, ಮೆಟ್ಟಿಲ ಮೇಲೆ ಉರುಳಿದರೂ ಎದ್ದು ಮಾತಾಡಬೇಕು ಎನ್ನುವ ಜಾಯಮಾನ ಅವನದು. ಗಿಟಾರಿನ ತಂತಿ ಮಾರುವ ಅಂಗಡಿಯ ಗೋಡೆಯಲ್ಲಿ ಒಂದು ಚೀಟಿ ಅಂಟಿತ್ತು. ಹಳೆಯ ಗಿಟಾರ್ ಆಂಪ್ಲಿಫೈಯರ್ ಮಾರಾಟಕ್ಕಿದೆ, ಚುಕ್ಕೆ ದಾಟಿದರೆ ಸುಯ್ಯೆನ್ನುತ್ತದೆ, ಚೌಕಾಸಿ ಇಲ್ಲ. ಬರೆದವರಿಗೆ ತಲೆ ಸರಿಯಿಲ್ಲ ಎಂದುಕೊಂಡು ಕಿವಿಯಣ್ಣ ವಿಳಾಸ ಗುರುತು ಹಾಕಿಕೊಂಡ. ಭಾವಮೈದ ನಾನೂ ಬರುತ್ತೇನೆ, ಇನ್ನೊಂದು ಜೊತೆ ಕಿವಿ ಇರಲಿ ಎಂದದ್ದೇ ತಪ್ಪಾಯಿತು. ನಿನ್ನ ಕಿವಿಯನ್ನು ನಿನ್ನ ಡ್ರಮ್ಮಿಗೇ ಕಟ್ಟಿಕೋ ಎಂದು ಒಬ್ಬನೇ ಗಿಟಾರು ಹೆಗಲಿಗೇರಿಸಿ ಹೊರಟ.

ಮನೆ ಮೂರನೆಯ ಮಹಡಿ. ಬಾಗಿಲು ತೆಗೆದವಳು ಅರವತ್ತು ದಾಟಿದ ಹೆಂಗಸು, ಕೊರಳಲ್ಲಿ ಅಳತೆ ಪಟ್ಟಿ, ಎದೆಯ ಮೇಲಿನ ಬಟ್ಟೆಗೆ ಚುಚ್ಚಿಕೊಂಡ ಗುಂಡುಸೂಜಿಗಳು. ಮುಂದಿನ ಕೋಣೆಯ ತುಂಬ ಶಾಲೆಯ ಸಮವಸ್ತ್ರದ ಗುಡ್ಡೆ, ತೋಳು ಒಂದು ಕಡೆ, ಕಾಲರು ಒಂದು ಕಡೆ. ಕಿಟಕಿಯ ಪಕ್ಕ ಹೊಲಿಗೆ ಮಷೀನು. ಕಿವಿಯಣ್ಣ ಒಳಗೆ ಕಾಲಿಟ್ಟವನೇ ಕಿಟಕಿಯನ್ನು ಸರಿಸಿ ನೋಡಿ, ಯಾರೋ ಅಡ್ಡಕಸುಬಿ ಹಾಕಿದ್ದು ಎಂದ. ಹೊಲಿಗೆಯವಳು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಚೌಕಾಸಿಗೆ ಬಂದಿದ್ದರೆ ಮೆಟ್ಟಿಲು ಹತ್ತಿದಷ್ಟೇ ಸುಲಭವಾಗಿ ಇಳಿಯಬಹುದು ಎಂದಳು. ಇಬ್ಬರಿಗೂ ಆ ಕ್ಷಣವೇ ಒಬ್ಬರನ್ನೊಬ್ಬರು ಕಂಡರೆ ಆಗದೆ ಹೋಯಿತು.

ಪೆಟ್ಟಿಗೆ ಮೇಜಿನ ಕೆಳಗಿತ್ತು. ಮೇಲೆ ಹೇರಿದ್ದ ಸಮವಸ್ತ್ರ ತೆಗೆದು ಅವನೇ ಎಳೆದುಕೊಂಡ. ಕಪ್ಪು ಹೊದಿಕೆ ಮೂಲೆಗಳಲ್ಲಿ ಸವೆದಿತ್ತು, ಮುಂದಿನ ಬಟ್ಟೆಯಲ್ಲಿ ಹರಿದ ಕಡೆ ಸಣ್ಣ ಟಾಕು ಹಾಕಿ ಹೊಲಿದಿತ್ತು. ತೂಕ ಕೈಗೆ ಹಿತವಾಯಿತು. ಒಳಗೊಳಗೇ ಖುಷಿಪಟ್ಟರೂ ಮುಖ ಗಂಟು ಹಾಕಿಕೊಂಡೇ ಇದ್ದ, ಕೊಳ್ಳುವವನು ಖುಷಿ ತೋರಿಸಿದರೆ ಕೆಟ್ಟ ಎಂಬುದು ಅವನ ಅನುಭವ. ಆಗ ಕಣ್ಣಿಗೆ ಬಿದ್ದವು ಚುಕ್ಕೆಗಳು. ವಾಲ್ಯೂಮ್, ಬೇಸ್, ಟ್ರೆಬಲ್, ಮೂರು ತಿರುಪುಗುಂಡಿಗಳ ಅಂಚಿನಲ್ಲೂ ಒಂದೊಂದು ಕೆಂಪು ಚುಕ್ಕೆ, ಉಗುರಿಗೆ ಹಚ್ಚುವ ಬಣ್ಣದ್ದು. ಸಣ್ಣ, ಚೂಪು ಸ್ವರಗಳನ್ನು ಏರಿಸುವ ಟ್ರೆಬಲಿನ ಚುಕ್ಕೆಯಂತೂ ತೀರಾ ಕೆಳಗೆ, ತಿರುಪನ್ನು ಹೆಚ್ಚುಕಡಿಮೆ ಮುಚ್ಚಿಟ್ಟ ಜಾಗದಲ್ಲಿ.

ಯಾವ ಮಗು ಇದರ ಮೇಲೆ ಗೀಚಿತು, ಟ್ರೆಬಲ್ ಇಷ್ಟೇ ಇಟ್ಟರೆ ಅದು ಗಿಟಾರೋ ನಗಾರಿಯೋ ಎನ್ನುತ್ತಾ ಕಿವಿಯಣ್ಣ ಹೆಬ್ಬೆರಳಿನ ಉಗುರಿನಿಂದ ಆ ಚುಕ್ಕೆಯನ್ನು ಕೆರೆದು ಹಾಕಿದ. ಅವನ ಉಗುರು ಲೋಹ ಕೆರೆದು ಪಳಗಿದ್ದು, ಬಣ್ಣ ಒಂದೇ ಏಟಿಗೆ ಎದ್ದು ಬಂತು. ಮುಂದಿನ ಚುಕ್ಕೆಗೆ ಕೈ ಹಾಕುವಷ್ಟರಲ್ಲಿ ಹೊಲಿಗೆಯವಳು ಅಳತೆ ಪಟ್ಟಿಯಿಂದ ಅವನ ಮಣಿಕಟ್ಟಿಗೆ ಚಟೀರನೆ ಒಂದು ಬಿಟ್ಟಳು.

"ಕೈ ತೆಗೀರಿ. ದುಡ್ಡು ಕೊಡೋ ತನಕ ಅದು ನನ್ನ ಸಾಮಾನು."

ಇದು ನನ್ನ ಸಾಮಾನಾದರೆ ಮೊದಲು ಮಾಡುವ ಕೆಲಸವೇ ಈ ಕೊಳೆ ತೆಗೆಯುವುದು ಎಂದು ಅವನೂ ಬಿಡಲಿಲ್ಲ. ಇದನ್ನು ಹಾಕಿದವರಾರು ಎಂದು ಕೇಳಿದ್ದಕ್ಕೆ, ಅದು ನಮ್ಮ ಮನೆಯ ವಿಷಯ ಎಂದಳು. ಪೆಟ್ಟಿಗೆ ಅವಳ ತೀರಿಹೋದ ಗಂಡನದ್ದು ಎಂಬುದಷ್ಟೇ ಅವನಿಗೆ ತಿಳಿಯಿತು. ಅದಕ್ಕಾದರೂ ದನಿ ತಗ್ಗಿಸಬೇಕೆಂದು ಅವನಿಗೆ ಹೊಳೆಯಲಿಲ್ಲ.

ಪ್ಲಗ್ ಚುಚ್ಚಿ, ಗಿಟಾರಿನ ವೈರು ಸಿಕ್ಕಿಸಿ, ಸ್ವಿಚ್ ಒತ್ತಿದ. ಪೆಟ್ಟಿಗೆ ಎದೆಯೊಳಗಿಂದ ದಪ್ಪಗೆ ಒಮ್ಮೆ ಟಪ್ ಎಂದಿತು. ಅಭ್ಯಾಸಬಲದಿಂದ ಟ್ರೆಬಲನ್ನು ತುದಿಗೇರಿಸಿ ನಾಲ್ಕು ಮಟ್ಟು ನುಡಿಸಿದ. ಅವನಿಗೆ ಮೈ ಜುಮ್ಮೆಂದಿತು. ಎಷ್ಟೋ ಕಾಲದಿಂದ ಹೀಗೆ ತುಂಬಿಕೊಂಡ ಸ್ವರ ಕೇಳಿರಲಿಲ್ಲ. ತಲೆ ಎತ್ತಿದರೆ ಹೊಲಿಗೆಯವಳು ಕಿವಿಗೆ ಬೆರಳಿಟ್ಟುಕೊಂಡು ನಿಂತಿದ್ದಳು. ಅವನು ತಂತಿಗಳ ಮೇಲೆ ಅಂಗೈಯಿಟ್ಟು ನುಡಿಸುವುದು ನಿಲ್ಲಿಸಿದ. ಅವಳು ಬೆರಳು ತೆಗೆಯಲಿಲ್ಲ.

ಅಲ್ಲಿಂದ ಶುರುವಾದದ್ದು ಜಗತ್ತಿನಲ್ಲಿ ಎಲ್ಲೂ ನಡೆಯದ ವ್ಯಾಪಾರ. ಸರಕಿನಲ್ಲಿ ಹುಳುಕು ಹುಡುಕುವವನು ಕೊಳ್ಳುವವನು, ಮುಚ್ಚುವವನು ಮಾರುವವನು, ಇದು ರೂಢಿ. ಇಲ್ಲಿ ಮಾರುವವಳು ಸುಯ್ಯೆನ್ನುತ್ತಿದೆ ಎನ್ನುತ್ತಾಳೆ, ಕೊಳ್ಳುವವನು ಇಲ್ಲ ಎನ್ನುತ್ತಾನೆ. ಮೊದಲೇ ಹೇಳಿದ್ದೇನೆ, ಆಮೇಲೆ ವಾಪಸು ತಂದರೆ ತೆಗೆದುಕೊಳ್ಳುವುದಿಲ್ಲ ಎಂದು ಅವಳು. ಇಷ್ಟು ಮೌನವಾದ ಪೆಟ್ಟಿಗೆ ನಾನು ನೋಡಿಲ್ಲ, ನಿಮಗೆ ಮಾರುವ ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಿ ಎಂದು ಅವನು. ದನಿ ಏರುತ್ತಾ ಹೋಯಿತು. ಹೊಲಿಗೆಯವರಿಗೆ ಸ್ವರದ ಗಂಧ ಗಾಳಿ ಇರುವುದಿಲ್ಲ, ನಿಮ್ಮ ಕಿವಿಯಲ್ಲಿ ಮಷೀನಿನ ಸದ್ದು ಕೂತಿದೆ, ಡಾಕ್ಟರಿಗೆ ತೋರಿಸಿಕೊಳ್ಳಿ ಎಂದುಬಿಟ್ಟ.

ಆಗ ಅವಳ ಕಣ್ಣು ಪೆಟ್ಟಿಗೆಯ ಕಡೆ ಹೊರಳಿತು. ಅವನ ಕೈ ಮತ್ತೆ ಟ್ರೆಬಲ್ ತಿರುಪಿನ ಮೇಲಿತ್ತು, ಅದು ತುದಿ ಮುಟ್ಟಿ ನಿಂತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಗಿಟಾರ್ ಕೆಳಗಿಡಿ. ಆ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ. ನಾನು ವಾಲ್ಯೂಮ್ ಸೊನ್ನೆಗೆ ಇಳಿಸಿ ಆಮೇಲೆ ಏರಿಸ್ತೀನಿ. ಸದ್ದು ಶುರುವಾದಾಗ ಹೇಳಿ, ಸಾಕು."

ಇದೇನು ಮಕ್ಕಳಾಟ ಎಂದರೂ ಕಿವಿಯಣ್ಣ ಗಿಟಾರನ್ನು ಪೆಟ್ಟಿಗೆಗೆ ಒರಗಿಸಿ ಗೋಡೆಗೆ ಮುಖ ಮಾಡಿದ. ಪರೀಕ್ಷೆ ಎಂದರೆ ಅವನಿಗೆ ಮೊದಲಿನಿಂದಲೂ ಹುರುಪು. ಎದೆಯ ಮೇಲೆ ಕೈ ಕಟ್ಟಿ, ಕಣ್ಣು ಮುಚ್ಚಿ ಕಾದ. ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು. ಬೀದಿಯಲ್ಲಿ ಒಂದು ಲಾರಿ ಗುಡುಗಿ ಹೋಯಿತು. ಕೆಳಗಿನ ಮನೆಯಲ್ಲಿ ಯಾರೋ ಮಂಚ ಎಳೆದರು. ಇಷ್ಟೆಲ್ಲ ಕೇಳುತ್ತಿದೆಯಲ್ಲ, ನನ್ನ ಕಿವಿಗೇನು ಧಾಡಿ ಎಂದು ಮೀಸೆಯಡಿ ನಕ್ಕ. ಇನ್ನೂ ಕಾದ. ಹೆಂಗಸು ಬೇಕೆಂದೇ ಸತಾಯಿಸುತ್ತಿದ್ದಾಳೆ ಎನಿಸಿ ಸಹನೆ ಕೆಟ್ಟಿತು.

"ಶುರು ಮಾಡಿ ಮತ್ತೆ. ಎಷ್ಟೊತ್ತು ನಿಲ್ಲಲಿ?"

ಹೊಲಿಗೆಯವಳು ಬಾಗಿ ಗಿಟಾರಿನ ದಪ್ಪ ತಂತಿಯನ್ನು ಬೆರಳಿನಿಂದ ಒಮ್ಮೆ ಮೀಟಿದಳು. ಕೋಣೆಯೇ ನಡುಗಿತು. ಅಡ್ಡಕಸುಬಿ ಹಾಕಿದ ಕಿಟಕಿಯ ಗಾಜು ಗಡಗಡ ಎಂದಿತು, ಮೇಜಿನ ಮೇಲಿನ ಕತ್ತರಿ ಸರಿಯಿತು. ಕಿವಿಯಣ್ಣ ಬೆಚ್ಚಿ ತಿರುಗಿ ನೋಡಿದ. ವಾಲ್ಯೂಮ್ ತಿರುಪು ತುದಿಯಲ್ಲಿತ್ತು. ಅವನು ಮೀಸೆಯಡಿ ನಗುವಾಗಲೂ ಅದು ಅಲ್ಲೇ ಇತ್ತು.

"ಇದು ಈಗ ಒಂದೇ ಸಮ ಸುಯ್ ಅಂತಿದೆ. ನಾನು ಕೂಗಿ ಮಾತಾಡ್ತಿರೋದು ಯಾಕೆ ಅಂದ್ಕೊಂಡ್ರಿ?"

ಅವಳು ಕೂಗಿ ಮಾತಾಡುತ್ತಿದ್ದಾಳೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ ಒಬ್ಬರು ಬಿಡಿಸಿ ಮಾತಾಡುವವರು ಸಿಕ್ಕರು ಎಂದುಕೊಂಡಿದ್ದ.

ಅವನಿಗೆ ಮೊದಲು ಬಂದದ್ದು ದುಃಖವಲ್ಲ, ರೋಷ. ಮೋಸ, ಕಣ್ಕಟ್ಟು ಎಂದ. ವೈರು ಕಿತ್ತ, ಗಿಟಾರನ್ನು ಚೀಲಕ್ಕೆ ತುರುಕಿದ, ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು. ಅದನ್ನು ಜಗ್ಗುತ್ತಾ ನಿಂತಾಗ ಕುಕ್ಕರ್ ನೆನಪಾಯಿತು. ಒಂದಾದ ಮೇಲೊಂದು ಸೀಟಿ ತಂದು ಹಾಕಿದ್ದು, ಅಂಗಡಿಯವನ ಮೇಲೆ ಹಾರಾಡಿದ್ದು, ಹೆಂಡತಿ ಸುಮ್ಮನೆ ನಿಂತು ನೋಡಿದ್ದು. ಊಟದ ಹಾಲಿನಲ್ಲಿ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ತಲೆ ತಗ್ಗಿಸಿ ಹೋದ ಮನುಷ್ಯನೂ ನೆನಪಾದ. ಅವನ ಚೀಲದ ಜಿಪ್ಪೂ ಆ ದಿನ ಹೀಗೇ ಸಿಕ್ಕಿಕೊಂಡಿತ್ತು, ಇವನು ಅದಕ್ಕೂ ನಕ್ಕಿದ್ದ. ಕಿವಿಯಣ್ಣ ಜಿಪ್ಪು ಬಿಟ್ಟು ಸಮವಸ್ತ್ರದ ಗುಡ್ಡೆಯ ಪಕ್ಕ ಕೂತ.

ಹೊಲಿಗೆಯವಳು ಸಮಾಧಾನ ಹೇಳಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ಮಷೀನಿನ ಮುಂದೆ ಕೂತು ಒಂದು ತೋಳು ಹೊಲಿಯತೊಡಗಿದಳು. ಅವನೇ ಕೇಳಿದ.

"ಆ ಚುಕ್ಕೆ ಎಲ್ಲಿತ್ತು?"

"ನನ್ನನ್ನ ಕೇಳ್ತೀರಾ? ಉಗುರಲ್ಲಿ ಕೆರೆದವರು ನೀವು."

ಮಷೀನು ತುಳಿಯುತ್ತಲೇ, ಅವನ ಕಡೆ ನೋಡದೆ ಅವಳು ಹೇಳಿದ್ದು ಇಷ್ಟು. ಗಂಡ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ, ಆ ಸದ್ದಿಗೆ ಸಣ್ಣ ಕೀರಲು ದನಿಗಳು ಅವನ ಕಿವಿಗೆ ಬೀಳದಾದವು. ಬರಬರುತ್ತಾ ಅವನ ನುಡಿಸಾಣಿಕೆ ಸೂಜಿ ಚುಚ್ಚಿದ ಹಾಗಾಯಿತು, ಕರೆಯುವವರೂ ಕಡಿಮೆಯಾದರು. ಇವಳು ಅಡುಗೆಮನೆಯಲ್ಲಿ ನಿಂತು ಇಳಿಸಿ, ಇಳಿಸಿ ಎಂದು ಬೈಯುವಳು, ಅವನು ಹಲ್ಲು ಕಡಿಯುತ್ತಾ ತಿರುಪು ಇಳಿಸುವನು. ಬೈಗುಳ ನಿಂತ ಜಾಗಕ್ಕೆ ಮಗಳ ಉಗುರುಬಣ್ಣದಿಂದ ಇವಳೇ ಚುಕ್ಕೆ ಇಟ್ಟಳು. ಅದಕ್ಕಾಗಿ ಅವನು ಎಷ್ಟೋ ದಿನ ಇವಳ ಜೊತೆ ಮಾತು ಬಿಟ್ಟಿದ್ದ. ಆದರೆ ಸಾಯುವ ತನಕ ಚುಕ್ಕೆ ನೋಡಿಯೇ ನುಡಿಸಿದ, ಸಾಯುವ ತನಕ ಅವನನ್ನು ಜನ ಕರೆದರು.

ಕಿವಿಯಣ್ಣ ಜಿಪ್ಪನ್ನು ಹಿಂದಕ್ಕೆ ಎಳೆದು ಗಿಟಾರು ಹೊರಗೆ ತೆಗೆದು ವೈರು ಮತ್ತೆ ಸಿಕ್ಕಿಸಿದ. ಅವಳಿಗೆ ಅರ್ಥವಾಯಿತು. ದೊಡ್ಡದೊಂದು ನಿಟ್ಟುಸಿರು ಬಿಟ್ಟು, ನನ್ನ ಕರ್ಮ ಎಂದು ಎದ್ದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಯನ್ನು ಅವನ ಮಡಿಲಿಗೆ ಎಸೆದು ಅಡುಗೆಮನೆಗೆ ಹೋದಳು.

ಅವನು ವಾಲ್ಯೂಮನ್ನು ಅದರ ಚುಕ್ಕೆಗೆ ತಂದು, ಟ್ರೆಬಲನ್ನು ತುದಿಯಲ್ಲಿಟ್ಟು ನುಡಿಸಿದ. ಒಳಗಿಂದ ಇಳಿಸಿ ಎಂಬ ಕೂಗು ಬಂತು. ಇಳಿಸಿದ. ಇಳಿಸಿ ಎಂಬುದರ ಜೊತೆಗೆ ಎರಡು ಬೈಗುಳವೂ ಬಂತು. ಮತ್ತೆ ಇಳಿಸಿದ. ತಿರುಪು ಇಳಿದಂತೆಲ್ಲ ಅವನ ಸ್ವರ ಮಂಕಾಗುತ್ತಾ, ಕೊನೆಗೆ ಕಂಬಳಿ ಹೊದಿಸಿ ನುಡಿಸಿದ ಹಾಗಾಯಿತು. ಇದು ಸಂಗೀತವಲ್ಲ, ಮಣ್ಣು ಎನಿಸಿತು. ಇನ್ನೊಂದು ಗೆರೆ ಇಳಿಸಿದ. ಕೂಗು ಬರಲಿಲ್ಲ. ಅದೇ ಮಟ್ಟನ್ನು ಮತ್ತೆ ನುಡಿಸಿದ. ಆಗಲೂ ಬರಲಿಲ್ಲ.

ಸೀಮೆಸುಣ್ಣ ಎತ್ತಿಕೊಂಡವನು ಹಾಗೇ ತಡೆದ. ಅವಳು ಸುಮ್ಮನಾಗಿದ್ದಾಳೋ, ಅಥವಾ ಇನ್ನೂ ಬೈಯುತ್ತಿದ್ದು ತನಗೆ ಕೇಳಿಸುತ್ತಿಲ್ಲವೋ? ಇಲ್ಲಿ ಕೂತು ಅದನ್ನು ತಿಳಿಯುವ ದಾರಿಯೇ ಅವನಿಗಿರಲಿಲ್ಲ. ಗಿಟಾರು ಕೆಳಗಿಟ್ಟು, ಎದ್ದು, ಅಡುಗೆಮನೆಯ ಬಾಗಿಲಿಗೆ ಹೋದ. ಅವಳು ಒಲೆಯ ಕಟ್ಟೆಗೆ ಒರಗಿ ಕೈ ಕಟ್ಟಿ ನಿಂತಿದ್ದಳು.

"ಸರಿಯಾಯ್ತಾ, ಇಲ್ಲಾ ನನಗೆ ಕೇಳಿಸ್ಲಿಲ್ವಾ?"

"ಬಾಯಿ ಮುಚ್ಚಿದ್ದೀನಲ್ಲ, ಕಾಣಲ್ವಾ? ಗುರುತು ಹಾಕ್ಕೊಂಡು ಎತ್ಕೊಂಡು ಹೋಗಿ."

ಅವನು ಗುರುತು ಹಾಕಿಕೊಂಡು, ಅವಳು ಕೇಳಿದಷ್ಟು ಕೊಟ್ಟು, ಪೆಟ್ಟಿಗೆ ಹೊತ್ತು ಇಳಿದ. ಹೋಗಿ ಬರುತ್ತೇನೆ ಎಂದು ಅವನೂ ಹೇಳಲಿಲ್ಲ, ಬನ್ನಿ ಎಂದು ಅವಳೂ ಹೇಳಲಿಲ್ಲ.

ಶನಿವಾರ ಅವನೇ ನುಡಿಸಿದ. ಎಲ್ಲ ತಿರುಪುಗಳನ್ನೂ ಗುರುತಿಗೆ ತಂದಿಟ್ಟು, ಹಾಡು ಮುಗಿಯುವ ತನಕ ಅವುಗಳ ಕಡೆ ಕೈ ಚಾಚಲಿಲ್ಲ. ಅವನಿಗೆ ಕೇಳಿಸಿದ್ದೆಲ್ಲ ಮಣ್ಣು. ಮೊದಲ ಹಾಡಿನಲ್ಲಿ ಭಾವಮೈದ ತಲೆ ಎತ್ತಿ ನೋಡಿದ, ಆಮೇಲೆ ನೋಡಲಿಲ್ಲ. ಮ್ಯಾನೇಜರು ಬಾಗಿಲಲ್ಲಿ ನಿಂತು ಕೇಳಿ, ತಲೆಯಾಡಿಸಿ ಒಳಗೆ ಹೋದರು. ವೈರು ಸುತ್ತಿಡುವಾಗ ಭಾವಮೈದ ಹತ್ತಿರ ಬಂದು, ನೋಡಿದಿರಾ ಭಾವ, ಎಲ್ಲ ನಿಮ್ಮ ಮೊದಲಿನ ಡಬ್ಬದ್ದೇ ತಪ್ಪು ಎಂದ. ನನ್ನ ಕಿವಿಯಲ್ಲೇನೂ ತಪ್ಪಿಲ್ಲ ಎಂದು ಎದೆ ತಟ್ಟಿಕೊಳ್ಳಲು ಕಿವಿಯಣ್ಣನಿಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ಅವನು ವೈರು ಸುತ್ತುವುದನ್ನು ಮುಗಿಸಿದ. ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚುವಾಗ ಸೀಮೆಸುಣ್ಣದ ಗೆರೆ ಆಗಲೇ ಅರ್ಧ ಅಳಿಸಿದ್ದು ಕಂಡಿತು.

ಮರುದಿನ ಬೆಳಗ್ಗೆ ಮನೆಯ ಹಾಲಿನಲ್ಲಿ ಪೆಟ್ಟಿಗೆಯ ಮುಂದೆ ಕೂತು, ಉಗುರಿಗೆ ಹಚ್ಚುವ ಬಣ್ಣ ಇದೆಯೇ ಎಂದು ಹೆಂಡತಿಯನ್ನು ಕೇಳಿದ. ಅಡುಗೆಮನೆಯಿಂದ ಅವಳು ಏನೋ ಅಂದಳು. ಬಾಯೊಳಗೇ ಗೊಣಗಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡ. ಎದ್ದು ಒಳಗೆ ಹೋಗಿ, ಅವಳ ಎದುರಿಗೆ, ಅವಳ ಬಾಯಿ ಕಾಣುವ ಹಾಗೆ ನಿಂತ.

"ಏನಂದೆ? ನನಗೆ ಕೇಳಿಸ್ಲಿಲ್ಲ."

ಕೈಯಲ್ಲಿದ್ದ ಚಾಕು ಹಾಗೇ ನಿಲ್ಲಿಸಿ ಹೆಂಡತಿ ಅವನ ಮುಖವನ್ನೇ ನೋಡಿದಳು. ಮದುವೆಯಾದಾಗಿನಿಂದ ಈ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿರಲಿಲ್ಲ.

"ಯಾವ ಬಣ್ಣದ್ದು ಬೇಕು ಅಂದೆ."

"ಯಾವುದಾದ್ರೂ ಆಗ್ಲಿ," ಎಂದ ಕಿವಿಯಣ್ಣ. "ಕಣ್ಣಿಗೆ ಚೆನ್ನಾಗಿ ಕಾಣೋ ಅಂಥದ್ದು ಕೊಡು."